ದುಂಡಗಿರುವುದೆಲ್ಲ ಉಲ್ಕಾಕುಳಿಯಲ್ಲ

2020ರ ಮೇ 20, ಬುಧವಾರ. ಮಧ್ಯಾಹ್ನ ಒಂದೂಕಾಲು ದಾಟಿತ್ತು. ಇಂದಿರಾನಗರದ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳುವ ಹೊತ್ತು. ಎಲ್ಲಿಂದಲೋ ಒಂದು ಭಾರೀ ಸದ್ದು ಬಂತು. ಗುಡುಗಿನ ಹಾಗೆ ಉರುಳುತ್ತ ದೂರ ಸರಿಯಲಿಲ್ಲ. ಮುಗಿಲಿನ ಬಾಗಿಲನ್ನು ಯಾರೋ ಒಮ್ಮೆಲೇ ಎಳೆದು ಮುಚ್ಚಿದಂತಿತ್ತು. ಕಿಟಕಿಯ ಗಾಜು ಅದುರಿತು. ಲಾಕ್‌ಡೌನಿನ ದಿನಗಳು, ರಸ್ತೆಯಲ್ಲಿ ವಾಹನ ಕಡಿಮೆ. ಆ ಮೌನದಲ್ಲಿ ಸದ್ದು ಎದೆಗೇ ತಾಗಿತು. ಮೇಲಿನ ಮನೆಯ ಅಜ್ಜಿ ಮೆಟ್ಟಿಲ ಮೇಲಿಂದಲೇ "ಭೂಕಂಪಾನೇನಪ್ಪಾ?" ಎಂದು ಕೂಗಿದರು. ಕೆ.ಆರ್. ಪುರದಿಂದ ತಂಗಿ ಫೋನ್ ಮಾಡಿ "ಅಣ್ಣಾ, ನಿಮಗೂ ಕೇಳಿಸ್ತಾ?" ಎಂದಳು. ವೈಟ್‌ಫೀಲ್ಡಿನಲ್ಲಿ ಕೇಳಿಸಿತ್ತು, ಎಚ್‌ಎಎಲ್ ಕಡೆ ಕೇಳಿಸಿತ್ತು, ಸರ್ಜಾಪುರದಲ್ಲೂ ಕೇಳಿಸಿತ್ತು. ಅರ್ಧ ಗಂಟೆ ಕಳೆಯುವುದರೊಳಗೆ ಫೋನಿನಿಂದ ಫೋನಿಗೆ ಒಂದು ಮಾತು ಹಬ್ಬಿತು: ಉಲ್ಕೆ ಬಿದ್ದಿದೆಯಂತೆ.

ಆ ದಿನ ಈ ಊರಿನ ವ್ಯವಸ್ಥೆ ಹೇಗೆ ಕೆಲಸ ಮಾಡಿತು ಎಂಬುದನ್ನು ನಾನು ಈಗಲೂ ಮೆಚ್ಚಿಕೊಳ್ಳುತ್ತೇನೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ತಮ್ಮ ಭೂಕಂಪ ಮಾಪಕಗಳನ್ನು ನೋಡಿದರು. ನೆಲ ಅಲುಗಿದ ಗುರುತು ಇರಲಿಲ್ಲ. ಭೂಕಂಪ ಅಲ್ಲ ಎಂದು ಮೊದಲು ತೀರ್ಮಾನವಾಯಿತು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯ ವಿವರಣೆ ಬಂತು. ವಾಯುಪಡೆಯ ಪರೀಕ್ಷಾ ವಿಮಾನವೊಂದು ನಗರದ ಹೊರಗಿನ ತನ್ನ ಪಾಲಿನ ಆಕಾಶದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರಿ, 36,000ದಿಂದ 40,000 ಅಡಿ ಎತ್ತರದ ನಡುವೆ ವೇಗ ಇಳಿಸುವಾಗ ಎದ್ದ ಸದ್ದು ಅದಾಗಿರಬಹುದು. ಅಂಥ ಸದ್ದು 65–80 ಕಿಲೋಮೀಟರ್ ದೂರಕ್ಕೂ ಕೇಳಿಸಬಲ್ಲದು. ಉಲ್ಕೆಯ ಕಥೆ ಹುಟ್ಟಿದ ದಿನವೇ ಮುಗಿಯಿತು.

ಅದು ಮುಗಿದದ್ದು ಬರೀ ಸದ್ದಾದ್ದರಿಂದ. ಸದ್ದಿನ ಜೊತೆಗೆ ಎಲ್ಲಾದರೂ ಒಂದು ಗುಂಡಿ ಕಂಡಿದ್ದರೆ? ಗುಂಡಿಯ ಪಕ್ಕದಲ್ಲಿ ಒಂದು ಕಪ್ಪು ಕಲ್ಲು ಬಿದ್ದಿದ್ದರೆ? ಕಣ್ಣಿಗೆ ಗುಂಡಿ ಬಿದ್ದ ಮೇಲೆ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಅದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ದಂಡು ರೈಲು ನಿಲ್ದಾಣದಲ್ಲಿ ಗಾಡಿ ಹತ್ತಿದರೆ ಮೂರು ಗಂಟೆಯ ಹಾದಿ.

ಬೆಂಗಳೂರಿಗೆ ಮೊದಲ ರೈಲು ಬಂದದ್ದು ಆ ಹಾದಿಯಲ್ಲೇ. 1864ರಲ್ಲಿ ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಹಳಿ ಹಾಸಿದರು. ಇಂದಿಗೂ ಚೆನ್ನೈಗೋ ಕೊಯಮತ್ತೂರಿಗೋ ಹೊರಟ ಗಾಡಿ ದಂಡು ಬಿಟ್ಟು, ಕೆ.ಆರ್. ಪುರ, ವೈಟ್‌ಫೀಲ್ಡ್, ಬಂಗಾರಪೇಟೆ, ಕುಪ್ಪಂ ದಾಟಿ ಜೋಲಾರಪೇಟೆಗೆ ಇಳಿಯುತ್ತದೆ. ಅದರ ಹತ್ತಿರದ ಊರು ನಾಟ್ರಂಪಳ್ಳಿ. 2016ರ ಫೆಬ್ರುವರಿ 6ರಂದು ಅಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರ ಆವರಣದಲ್ಲಿ ಸ್ಫೋಟವಾಯಿತು. ಬಸ್ಸಿನ ಚಾಲಕರೊಬ್ಬರು ತೀರಿಕೊಂಡರು, ಕೆಲವರಿಗೆ ಗಾಯವಾಯಿತು, ಕಟ್ಟಡದ ಮತ್ತು ಬಸ್ಸುಗಳ ಗಾಜು ಒಡೆಯಿತು. ನೆಲದಲ್ಲಿ ನಾಲ್ಕೈದು ಅಡಿ ಆಳದ ಗುಂಡಿ. ಹತ್ತಿರದಲ್ಲಿ ನೀಲಿಗಪ್ಪು ಬಣ್ಣದ ಪುಟ್ಟ ಕಲ್ಲು. ತೂಕ ಸುಮಾರು 11 ಗ್ರಾಂ ಎಂದು ಪತ್ರಿಕೆಗಳು ಬರೆದವು. ಮರುದಿನ ತಮಿಳುನಾಡಿನ ಮುಖ್ಯಮಂತ್ರಿಯ ಕಚೇರಿಯಿಂದಲೇ ಇದು ಉಲ್ಕೆ ಬಿದ್ದು ಆದ ಅನಾಹುತ ಎಂಬ ಹೇಳಿಕೆ ಬಂತು, ಮೃತರ ಕುಟುಂಬಕ್ಕೆ 1 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು. ದಾಖಲಾದ ಚರಿತ್ರೆಯಲ್ಲಿ ಉಲ್ಕೆ ಬಡಿದು ಸತ್ತ ಮೊದಲ ವ್ಯಕ್ತಿ ಎಂದು ಲೋಕದ ಪತ್ರಿಕೆಗಳೆಲ್ಲ ಬರೆದವು.

ನಮ್ಮ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸ್ಥಳಕ್ಕೆ ಹೋದರು. ಅಮೆರಿಕದ ನಾಸಾ ಸಂಸ್ಥೆಯ ತಜ್ಞರು ಚಿತ್ರಗಳನ್ನು ನೋಡಿ, ಇದು ನೆಲದ ಮೇಲೆಯೇ ಆದ ಸ್ಫೋಟದಂತೆ ಕಾಣುತ್ತದೆ ಎಂದರು. ಉಲ್ಕಾಶಿಲೆಗಳ ಜಾಗತಿಕ ದಾಖಲೆಯಲ್ಲಿ ಒಪ್ಪಿತ ಪತನವಾಗಿ ನಾಟ್ರಂಪಳ್ಳಿಯ ಹೆಸರು ಸೇರಲಿಲ್ಲ.

ಆ ಅನುಮಾನ ಏಕೆ ಬಂತು ಎಂಬುದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಆಕಾಶದಿಂದ ಕಲ್ಲು ಹೇಗೆ ಇಳಿಯುತ್ತದೆ ಎಂಬುದಷ್ಟೇ ತಿಳಿದಿರಬೇಕು. ಉಲ್ಕೆ ವಾತಾವರಣಕ್ಕೆ ನುಗ್ಗುವಾಗ ಅದರ ವೇಗ ಸೆಕೆಂಡಿಗೆ ಕನಿಷ್ಠ 11 ಕಿಲೋಮೀಟರ್. ಗಾಳಿಯ ತಡೆಗೆ ಸಿಕ್ಕಿ ಹೊರಮೈ ಕರಗಿ ಉರಿಯುತ್ತದೆ, ಹೆಚ್ಚಿನವು ಪುಡಿಯಾಗುತ್ತವೆ. ಉಳಿದ ಚೂರು ನೆಲದಿಂದ ಹದಿನೈದಿಪ್ಪತ್ತು ಕಿಲೋಮೀಟರ್ ಮೇಲೆ ಇರುವಾಗಲೇ ತನ್ನ ಆಕಾಶದ ವೇಗವನ್ನೆಲ್ಲ ಕಳೆದುಕೊಂಡು, ಬೆಂಕಿ ಆರಿ, ಅಲ್ಲಿಂದ ಮುಂದೆ ಮಹಡಿಯಿಂದ ಜಾರಿದ ಕಲ್ಲಿನ ಹಾಗೆ ಬೀಳುತ್ತದೆ. 11 ಗ್ರಾಂ ಕಲ್ಲು ನೆಲ ಮುಟ್ಟುವಾಗ ಅದರ ವೇಗ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೇಗದ ಬೌಲರ್ ಎಸೆದ ಚೆಂಡಿನಷ್ಟು. ಕ್ರಿಕೆಟ್ ಚೆಂಡಿನ ತೂಕ 160 ಗ್ರಾಂ. ಅದು ಪಿಚ್ಚಿನಲ್ಲಿ ಎಂದಾದರೂ ನಾಲ್ಕು ಅಡಿ ಗುಂಡಿ ತೋಡಿದೆಯೇ? ಬಿದ್ದ ಕಲ್ಲು ಕೆಂಡದಂತೆ ಕೆಂಪಗಿರುವುದೂ ಇಲ್ಲ, ಹುಲ್ಲಿಗೆ ಬೆಂಕಿ ಹಚ್ಚುವುದೂ ಇಲ್ಲ. ಅದರೊಳಗೆ ಸಿಡಿಮದ್ದು ಇರುವುದಿಲ್ಲ.

ನಿಜವಾದ ಉಲ್ಕಾಶಿಲೆಯ ಗುಂಡಿ ಹೇಗಿರುತ್ತದೆ ಎಂಬುದಕ್ಕೆ ಮರುವರ್ಷವೇ ಸಾಕ್ಷಿ ಸಿಕ್ಕಿತು. 2017ರ ಜೂನ್ 6ರಂದು ಜೈಪುರದ ಹತ್ತಿರದ ಮುಕುಂದಪುರದಲ್ಲಿ ಸುಮಾರು 2 ಕಿಲೋ ತೂಕದ ಕಲ್ಲು ಹೊಲಕ್ಕೆ ಬಿತ್ತು. ಅದು ಕಾರ್ಬನ್ ಹೆಚ್ಚಿರುವ ಅಪರೂಪದ ಜಾತಿ. ಮೆತ್ತನೆಯ ಮರಳುಮಣ್ಣಿನಲ್ಲಿ ಅದು ಮಾಡಿದ ಗುಂಡಿಯ ಆಳ ಒಂದು ಗೇಣೂ ಇರಲಿಲ್ಲ. ನಮಗೆ ಇನ್ನೂ ಹತ್ತಿರದಲ್ಲಿ, ಹೊಸೂರು–ಕೃಷ್ಣಗಿರಿ ಹೆದ್ದಾರಿಯ ಸೂಳಗಿರಿಯ ಆಸುಪಾಸಿನ ಹೊಲಗಳಲ್ಲಿ, 2008ರ ಸೆಪ್ಟೆಂಬರ್ 12ರ ಬೆಳಿಗ್ಗೆ ಒಟ್ಟು ನೂರು ಕಿಲೋಗೂ ಹೆಚ್ಚು ತೂಕದ ಕಲ್ಲುಗಳು ಬಿದ್ದವು. ತೆಲುಗು, ಕನ್ನಡ, ತಮಿಳು ಮೂರೂ ಬೆರೆತ ಗಡಿನಾಡು ಅದು. ಭಾರತದಲ್ಲಿ ಕಣ್ಣಾರೆ ಕಂಡ ದೊಡ್ಡ ಪತನಗಳಲ್ಲಿ ಒಂದಾದ ಅದು ಕೂಡ ಉಲ್ಕಾಕುಳಿ ಎನ್ನುವಂಥದ್ದನ್ನು ಬಿಟ್ಟುಹೋಗಲಿಲ್ಲ. ಕನ್ನಡ ನಾಡಿನ ಹಳೆಯ ಪತನಗಳದೂ ಅದೇ ಕಥೆ: 1865ರ ಮದ್ದೂರು, 1866ರ ಉಡುಪಿ, 1902ರ ಶಿವಮೊಗ್ಗ ಸೀಮೆಯ ಕಾಮಸಾಗರ. ಕಲ್ಲು ಉಳಿಯಿತು, ಹೆಸರು ಉಳಿಯಿತು, ಕುಳಿ ಇಲ್ಲ.

ನಾಟ್ರಂಪಳ್ಳಿಯ ವಿಷಯದಲ್ಲಿ ನನ್ನನ್ನು ಬಿಡದೆ ಕಾಡುವುದು ವಿಜ್ಞಾನದ ತಪ್ಪಲ್ಲ. ಒಬ್ಬ ಮನುಷ್ಯ ಕೆಲಸದ ಜಾಗದಲ್ಲಿ ಸತ್ತಿದ್ದಾನೆ. ಕಾರಣ ಉಲ್ಕೆ ಎಂದರೆ ಹೊಣೆ ಆಕಾಶದ್ದು. ಅಲ್ಲಿಗೆ ಯಾರೂ ನೋಟಿಸು ಕಳಿಸಲಾರರು. ಕಾರಣ ನೆಲದ ಮೇಲಿನ ಸ್ಫೋಟ ಎಂದಾದರೆ ಕೇಳಲೇಬೇಕಾದ ಪ್ರಶ್ನೆಗಳಿರುತ್ತವೆ: ಸಿಡಿದದ್ದು ಏನು, ಅದು ಅಲ್ಲಿ ಏಕಿತ್ತು, ನಾಳೆ ಇನ್ನೊಬ್ಬನ ಕಾಲಡಿಯಲ್ಲಿ ಇರುವುದಿಲ್ಲ ಎಂಬುದಕ್ಕೆ ಖಾತರಿ ಏನು? ಅವಸರದ ಆ ಒಂದು ಪದ ಇಷ್ಟು ಪ್ರಶ್ನೆಗಳ ಬಾಯಿ ಕಟ್ಟಿತು. ಕುಳಿ ನಿಜವೇ ಎಂದು ಪರೀಕ್ಷಿಸುವುದು ಪಂಡಿತರ ಹವ್ಯಾಸ ಎಂದುಕೊಂಡವರು ಆ ಮನೆಯವರನ್ನು ಒಮ್ಮೆ ನೆನೆಯಲಿ.

ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನಲ್ಲಿ ಹಳೆಯ ಅಂಗಡಿಗಳವರು ಇನ್ನೂ ಒರೆಗಲ್ಲು ಇಟ್ಟುಕೊಂಡಿರುತ್ತಾರೆ. ಬಳೆ ಎಷ್ಟೇ ಹೊಳೆಯಲಿ, ನೋಡಿ ಬೆಲೆ ಹೇಳುವುದಿಲ್ಲ. ಕಪ್ಪು ಕಲ್ಲಿಗೆ ಉಜ್ಜಿ, ಮೂಡಿದ ಗೆರೆಗೆ ಆಮ್ಲದ ಹನಿ ಬಿಟ್ಟು, ಗೆರೆ ಉಳಿಯುತ್ತದೆಯೇ ಮಾಸುತ್ತದೆಯೇ ಎಂದು ಕಾಯುತ್ತಾರೆ. ಭೂವಿಜ್ಞಾನಿಗಳಿಗೂ ಅಂಥದ್ದೇ ಒಂದು ಒರೆ ಉಂಟು. "ನನಗೆ ಉಲ್ಕಾಶಿಲೆ ಸಿಕ್ಕಿದೆ" ಎಂದು ಯಾರಾದರೂ ಕಲ್ಲು ತಂದರೆ ಮೊದಲು ಅದನ್ನು ಪಿಂಗಾಣಿ ಬಿಲ್ಲೆಯ ಹೊಳಪಿಲ್ಲದ ಹಿಂಬದಿಗೆ ಉಜ್ಜುತ್ತಾರೆ. ಕೆಂಪು ಗೆರೆ ಬಿದ್ದರೆ ಹೆಮಟೈಟ್ ಅದಿರು, ಕಪ್ಪು ಗೆರೆ ಬಿದ್ದರೆ ಮ್ಯಾಗ್ನೆಟೈಟ್. ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆಯನ್ನೇ ಬಿಡುವುದಿಲ್ಲ. ಮೈತುಂಬ ಗುಳ್ಳೆಗುಳ್ಳೆಯ ತೂತು ಇದ್ದರೆ ಅದು ಬಹುಪಾಲು ಯಾವುದೋ ಕುಲುಮೆಯಿಂದ ಹೊರಬಿದ್ದ ಕಬ್ಬಿಣದ ಕಿಟ್ಟ.

ಕೈಯಲ್ಲಿ ಹಿಡಿಯುವ ಕಲ್ಲಿಗೆ ಅಷ್ಟು ಸಾಕು. ಊರಗಲದ ಕುಳಿಯನ್ನು ಯಾವ ಒರೆಗಲ್ಲಿಗೆ ಉಜ್ಜುವುದು?

ಈಗ ಎಲ್ಲರ ಕೈಯಲ್ಲೂ ಉಪಗ್ರಹದ ಚಿತ್ರ ಉಂಟು. ಫೋನಿನಲ್ಲಿ ಬೆಂಗಳೂರಿನ ಪೂರ್ವಕ್ಕೆ ಬೆರಳಾಡಿಸಿ ನೋಡಿ. ದುಂಡನೆಯವು ಎಷ್ಟು ಬೇಕಾದರೂ ಸಿಗುತ್ತವೆ. ಒಂದಷ್ಟು ಕೆರೆಗಳು. ಇನ್ನೊಂದಷ್ಟು ಬಿಟ್ಟುಹೋದ ಕಲ್ಲುಕ್ವಾರಿಗಳು, ಮಳೆನೀರು ತುಂಬಿ ಹಸಿರುಗಟ್ಟಿದವು. ಕ್ವಾರಿಯ ಅಂಚಿಗೆ ಹೋಗಿ ನಿಂತರೆ ಬಂಡೆಯಲ್ಲಿ ಸಾಲಾಗಿ ಕೊರೆದ ತೂತಿನ ಅರ್ಧ ಗುರುತುಗಳು ಕಾಣುತ್ತವೆ, ಯಾರು ಮಾಡಿದ ಹೊಂಡ ಎಂದು ಅವೇ ಹೇಳುತ್ತವೆ. ದುಂಡಗಿನ ಆಕಾರಕ್ಕೆ ಪ್ರಕೃತಿಯಲ್ಲಿ ನೂರು ದಾರಿ. ಸತ್ತ ಜ್ವಾಲಾಮುಖಿಯ ಬಾಯಿ, ಉಂಗುರದ ಹಾಗೆ ನುಗ್ಗಿ ಗಟ್ಟಿಯಾದ ಶಿಲಾರಸ, ಸುಣ್ಣಕಲ್ಲು ಕರಗಿ ಕುಸಿದ ಹೊಂಡ, ಒಳಗಿನಿಂದ ಮೇಲೆದ್ದ ಉಪ್ಪಿನ ಗುಮ್ಮಟ, ಎಲ್ಲವೂ ದುಂಡಗೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ನಮ್ಮ ಗಾದೆಯನ್ನು ಈ ಶಾಸ್ತ್ರದವರು ಅಕ್ಷರಶಃ ಪಾಲಿಸುತ್ತಾರೆ. ಭೂಮಿಯ ಮೇಲೆ ಉಲ್ಕಾಕುಳಿ ಇರಬಹುದೆಂದು ಯಾರೋ ಬೊಟ್ಟು ಮಾಡಿದ ಜಾಗಗಳು ಬಹಳ. ದೃಢಪಟ್ಟವು ಸುಮಾರು 200 ಮಾತ್ರ.

ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ 1.2 ಕಿಲೋಮೀಟರ್ ಅಗಲದ ಕುಳಿಯೊಂದಿದೆ. 1891ರಲ್ಲಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅಲ್ಲಿಗೆ ಹೋದರು. ಆ ಕಾಲದ ಅಮೆರಿಕದ ಶ್ರೇಷ್ಠ ಭೂವಿಜ್ಞಾನಿ ಅವರು. ಸುತ್ತಲೂ ಕಬ್ಬಿಣದ ಉಲ್ಕಾಶಿಲೆಯ ಚೂರುಗಳು ಬಿದ್ದಿದ್ದವು. ಅವರು ನಿಷ್ಠೆಯಿಂದ ಲೆಕ್ಕ ಹಾಕಿದರು: ಅಷ್ಟು ದೊಡ್ಡ ಕಬ್ಬಿಣದ ಗುಂಡು ಒಳಗೆ ಹೂತಿದ್ದರೆ ಅಯಸ್ಕಾಂತದ ಸೂಜಿ ವಾಲಬೇಕು. ಸೂಜಿ ವಾಲಲಿಲ್ಲ. ಹಬೆ ಸಿಡಿದು ಆದ ಕುಳಿ ಎಂದು ತೀರ್ಪು ಬರೆದರು. ಅಳತೆ ಸರಿಯಿತ್ತು, ಅಳತೆಯ ಹಿಂದಿನ ನಂಬಿಕೆ ತಪ್ಪಿತ್ತು. ಆ ವೇಗದಲ್ಲಿ ಬಡಿದ ಗುಂಡು ಇಡಿಯಾಗಿ ಉಳಿಯದೆ ಬಹುಪಾಲು ಆವಿಯಾಗುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಡೇನಿಯಲ್ ಬ್ಯಾರಿಂಜರ್ 1903ರಿಂದ ಅಲ್ಲಿ ಕಬ್ಬಿಣಕ್ಕಾಗಿ ಕೊರೆಯುತ್ತ ಹೋಗಿ, ಸಿಗದೆ, 1929ರಲ್ಲಿ ತೀರಿಕೊಂಡರು. ಉಲ್ಕೆ ಎಂಬ ಅವರ ಮಾತು ನಿಜವಾಗಿತ್ತು, ಹುಡುಕಿದ ಸಾಕ್ಷಿ ಬೇರೆಯಾಗಿತ್ತು.

ಸಾಕ್ಷಿ ಇದ್ದದ್ದು ಮರಳಿನ ಕಣದಲ್ಲಿ. 1953ರಲ್ಲಿ ಲೋರಿಂಗ್ ಕೋಸ್ ಎಂಬ ರಸಾಯನವಿಜ್ಞಾನಿ ಬೆಣಚುಕಲ್ಲಿನ ಪದಾರ್ಥವನ್ನೇ ಭಾರೀ ಒತ್ತಡದಲ್ಲಿ ಹಿಂಡಿ ಹೊಸ ಖನಿಜ ಮಾಡಿದ್ದರು. ಅದಕ್ಕೆ ಕೋಸೈಟ್ ಎಂದು ಹೆಸರಾಯಿತು. ಪ್ರಕೃತಿಯಲ್ಲಿ ಅದು ಎಲ್ಲೂ ಕಂಡಿರಲಿಲ್ಲ. 1960ರಲ್ಲಿ ಎಡ್ವರ್ಡ್ ಚಾವೊ, ಯೂಜೀನ್ ಶೂಮೇಕರ್ ಮತ್ತು ಜೊತೆಗಾರರಿಗೆ ಅರಿಜೋನಾ ಕುಳಿಯ ಮರಳುಗಲ್ಲಿನಲ್ಲಿ ಅದು ಸಿಕ್ಕಿತು. ಶೂಮೇಕರ್ ಅದಕ್ಕೂ ಮುಂಚೆ ನೆವಾಡಾದ ಅಣುಪರೀಕ್ಷೆಗಳು ತೋಡಿದ ಕುಳಿಗಳನ್ನು ಅಳೆದು, ಅಂಚಿನಲ್ಲಿ ಪದರಗಳು ಹೇಗೆ ಮಗುಚಿ ತಲೆಕೆಳಗಾಗಿ ಬಿದ್ದಿವೆ ಎಂದು ಅರಿಜೋನಾದ ಅಂಚಿನೊಂದಿಗೆ ಹೋಲಿಸಿದ್ದರು. ಇದನ್ನು ಓದಿದಾಗ ನನಗೆ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ನೆನಪಾಯಿತು. ಸ್ಫೋಟದ ಗುಂಡಿಯನ್ನು ಓದುವುದು ಅವರ ಕಸುಬಿನ ಭಾಗ. ಮದ್ದು ಎಲ್ಲಿತ್ತು, ಎಷ್ಟಿತ್ತು ಎಂದು ಮಣ್ಣು ಚೆಲ್ಲಿದ ರೀತಿಯೇ ಹೇಳುತ್ತದೆ. ಗುಂಡಿಗೆ ಭಾಷೆಯಿದೆ. ಆದರೆ ಗುಂಡಿಯ ಅಂಚು ಮಳೆಗಾಳಿಗೆ ಸವೆಯುತ್ತದೆ. ಕೋಟಿಗಟ್ಟಲೆ ವರ್ಷ ಕಳೆದ ಮೇಲೆ ಉಳಿಯುವುದು ಕಣದೊಳಗಿನ ಗಾಯ.

ಆ ಗಾಯದ ವಿವರವೇ ಈ ಶಾಸ್ತ್ರದ ತಿರುಳು, ಸ್ವಲ್ಪ ನಿಂತು ನೋಡೋಣ. ಭೂಮಿಯ ಒಳಗೆ 35 ಕಿಲೋಮೀಟರ್ ಆಳದಲ್ಲಿ ಬಂಡೆಯ ಮೇಲಿರುವ ಒತ್ತಡ, ನಮ್ಮ ಮೇಲಿರುವ ಗಾಳಿಯ ಒತ್ತಡದ ಸುಮಾರು 10,000 ಪಟ್ಟು. ಉಲ್ಕೆ ಬಡಿದ ಕ್ಷಣದಲ್ಲಿ ನೆಲದ ಮೇಲಿನ ಬಂಡೆಗೇ ಲಕ್ಷ ಪಟ್ಟು, ಹಲವು ಲಕ್ಷ ಪಟ್ಟು ಒತ್ತಡ ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುತ್ತದೆ. ಯಾವ ಜ್ವಾಲಾಮುಖಿಗೂ ಯಾವ ಭೂಕಂಪಕ್ಕೂ ಆ ಶಕ್ತಿಯಿಲ್ಲ. ಆ ಹೊಡೆತಕ್ಕೆ ಬೆಣಚಿನ ಹರಳಿನೊಳಗೆ ನೇರವಾದ, ಒಂದಕ್ಕೊಂದು ಸಮಾನಾಂತರವಾದ, ಅತಿ ತೆಳುವಾದ ಪಟ್ಟಿಗಳ ಸಾಲು ಮೂಡುತ್ತದೆ. ಒಂದೇ ಕಣದಲ್ಲಿ ಎರಡು ಮೂರು ದಿಕ್ಕಿನ ಸಾಲುಗಳು ಒಂದನ್ನೊಂದು ಕತ್ತರಿಸಿರಬಹುದು. ಒಂದು ತಲೆಗೂದಲಿನ ದಪ್ಪದೊಳಗೆ ಹತ್ತಾರು ಗೆರೆ. ಇವನ್ನು ನೋಡಲು ಕಲ್ಲನ್ನು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ತೆಳ್ಳಗೆ ಉಜ್ಜಿ, ಗಾಜಿನ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸುತ್ತಾರೆ.

ಗೆರೆ ಕಂಡಿತು ಎಂದಷ್ಟಕ್ಕೆ ಮುಗಿಯಲಿಲ್ಲ. ಬೆಟ್ಟ ಮಡಿಸುವ ಸಾಮಾನ್ಯ ಒತ್ತಡವೂ ಹರಳಿನಲ್ಲಿ ಗೆರೆ ಎಳೆಯುತ್ತದೆ. ಆದರೆ ಅವು ದಪ್ಪ, ತುಸು ಬಾಗಿರುತ್ತವೆ, ಬಹುಪಾಲು ಒಂದೇ ದಿಕ್ಕಿನವು. ಆಘಾತದ ಗೆರೆಗಳು ಹರಳಿನ ಅಕ್ಷಕ್ಕೆ ಗೊತ್ತಾದ ಕೆಲವೇ ಕೋನಗಳಲ್ಲಿ ಮಾತ್ರ ಇರುತ್ತವೆ. ಹಾಗಾಗಿ ಒಂದೊಂದು ಗೆರೆಯ ಕೋನವನ್ನೂ ಅಳೆದು, ಹತ್ತಾರು ಕಣಗಳ ಲೆಕ್ಕ ಹಿಡಿದು ತೋರಿಸಬೇಕು. ಕಣ್ಣು ಸೋಲುವ, ಬೆನ್ನು ಹಿಡಿದುಕೊಳ್ಳುವ ಕೆಲಸ ಇದು. ಬರಿಗಣ್ಣಿಗೆ ಕಾಣುವ ಒಂದೇ ಒಂದು ನಂಬಿಕಸ್ಥ ಗುರುತು ಶ್ಯಾಟರ್ ಕೋನ್: ಬಂಡೆಯ ಮೇಲೆ ಶಂಕುವಿನಾಕಾರದಲ್ಲಿ, ಕುದುರೆಯ ಬಾಲದ ಕೂದಲು ಹರಡಿದಂತೆ ತುದಿಯಿಂದ ಕೆಳಕ್ಕೆ ಬಿರಿದ ಗೀರುಗಳು. ಇನ್ನೊಂದು ದಾರಿ ರಸಾಯನದ್ದು. ಕರಗಿದ ಬಂಡೆಯಲ್ಲಿ ಇರಿಡಿಯಂನಂಥ, ನೆಲದ ಮೇಲ್ಪದರದಲ್ಲಿ ಅತಿ ವಿರಳವಾದ ಲೋಹಗಳು ಅಳತೆಮೀರಿ ಇದ್ದರೆ, ಬಂದ ಅತಿಥಿ ತನ್ನ ಚೂರನ್ನು ಬಿಟ್ಟುಹೋಗಿದ್ದಾನೆ ಎಂದು ಅರ್ಥ.

ಈ ಕಟ್ಟುನಿಟ್ಟಿನ ಮುಂದೆ ಲೋನಾರ್ ಕೂಡ ಬಹಳ ಕಾಲ ಕಾದಿತ್ತು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಆ ಉಪ್ಪುನೀರಿನ ಕೆರೆಯನ್ನು ಹೊತ್ತ ಕುಳಿಯ ಅಗಲ 1.8 ಕಿಲೋಮೀಟರ್. ವಿಷ್ಣು ಲವಣಾಸುರನನ್ನು ಕೊಂದ ಜಾಗ ಎಂದು ಸ್ಥಳಪುರಾಣ. ನಮ್ಮ ಬೀದರ್, ಕಲಬುರಗಿ, ವಿಜಯಪುರದ ನೆಲಕ್ಕೆ ಹಾಸಿರುವ ಅದೇ ದಖ್ಖನಿನ ಕಪ್ಪು ಬಸಾಲ್ಟ್ ಅಲ್ಲಿಯದೂ. ಲಾವಾದಿಂದಲೇ ಆದ ನೆಲದಲ್ಲಿ ದುಂಡನೆಯ ಹೊಂಡ ಕಂಡರೆ ಜ್ವಾಲಾಮುಖಿ ಎನ್ನದೆ ಇನ್ನೇನು ಎಂದಾರು? ನೂರು ವರ್ಷಕ್ಕೂ ಹೆಚ್ಚು ಕಾಲ ಆ ಮಾತೇ ಹೆಚ್ಚಾಗಿ ನಡೆಯಿತು. ಬಸಾಲ್ಟಿನಲ್ಲಿ ಬೆಣಚು ಇಲ್ಲ, ಗೆರೆ ಹುಡುಕಲು ಹರಳೇ ಇಲ್ಲ. ಕೊನೆಗೆ ಕೆರೆಯ ತಳವನ್ನು ಕೊರೆದರು. 1973ರಲ್ಲಿ ಫ್ರೆಡ್ರಿಕ್ಸನ್, ದುಬೆ, ಮಿಲ್ಟನ್ ಮತ್ತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಬಾಲಸುಂದರಂ ಸೇರಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಕೊರೆದು ತೆಗೆದ ಚೂರುಗಳಲ್ಲಿ ಫೆಲ್ಡ್‌ಸ್ಪಾರ್ ಹರಳು ಕರಗದೆಯೇ, ತನ್ನ ಆಕಾರ ಬಿಡದೆಯೇ ಗಾಜಾಗಿ ಹೋಗಿದೆ. ಮಾಸ್ಕೆಲಿನೈಟ್ ಎಂಬ ಆ ಗಾಜು ಆಘಾತದಿಂದಲ್ಲದೆ ಆಗದು. ಅಲ್ಲಿಗೆ ಲೋನಾರ್‌ನ ವಾದ ಮುಗಿಯಿತು.

ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾ ಅದಕ್ಕೆ ತದ್ವಿರುದ್ಧ. ಅಲ್ಲಿ ಬೆಣಚು ಧಾರಾಳ, ಕಾಣಲು ಬಟ್ಟಲೇ ಇಲ್ಲ. ಸುಮಾರು 11 ಕಿಲೋಮೀಟರ್ ಅಗಲದ ಆ ಕುಳಿಗೆ 170 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು, ಅಂಚು ಸವೆದು ಹೋಗಿದೆ. ಅಲ್ಲಿ ಯುರೇನಿಯಂಗಾಗಿ ಹುಡುಕಾಟ ನಡೆದಿತ್ತು. ಕರಗಿ ಗಟ್ಟಿಯಾದ ಬಂಡೆಯನ್ನು ಜ್ವಾಲಾಮುಖಿಯ ಉತ್ಪನ್ನ ಎಂದೇ ಬಗೆದಿದ್ದರು. ಅಲಹಾಬಾದ್ ವಿಶ್ವವಿದ್ಯಾಲಯದ ಜಯಂತ ಕುಮಾರ್ ಪತಿ ಮತ್ತು ಸಂಗಡಿಗರು ಅದೇ ಬಂಡೆಯ ತೆಳುಛೇದಗಳಲ್ಲಿ ಆಘಾತದ ಗೆರೆಗಳನ್ನು ತೋರಿಸಿ, 2008ರಲ್ಲಿ ಪ್ರಕಟಿಸಿದರು. ರಾಜಸ್ಥಾನದ ಬಾರಾಂ ಜಿಲ್ಲೆಯ ರಾಮಗಢವನ್ನು 1869ರಲ್ಲೇ ಮ್ಯಾಲೆಟ್ ಗುರುತಿಸಿದ್ದರೂ ಒರೆ ಹಚ್ಚಿ ಗೆದ್ದದ್ದು 2020ರಲ್ಲಿ. ಒಂದೂವರೆ ಶತಮಾನ! ಕಚ್ಛದ ಬನ್ನಿ ಬಯಲಿನ ಲೂನಾ ಕುಳಿಯ ಕುರಿತು ಕೇರಳ ವಿಶ್ವವಿದ್ಯಾಲಯದ ಸಜಿನ್‌ಕುಮಾರ್ ಅವರ ತಂಡದ ಪ್ರಬಂಧ ಬಂದದ್ದು 2024ರಲ್ಲಿ. ಅಲ್ಲಿ ಇರುವುದು ಬಂಡೆಯಲ್ಲ, ಹೂಳು. ಅವರು ಇರಿಡಿಯಂ ಮತ್ತು ವಿಚಿತ್ರ ಖನಿಜಗಳ ಸಾಕ್ಷಿಯನ್ನು ಮುಂದಿಟ್ಟಿದ್ದಾರೆ.

ಹಾಗಾದರೆ ಕನ್ನಡಿಗರ ಪಾಲಿಗೆ ಒಂದು ಕುಳಿ? ಇದೆ ಎಂದಾದರೆ ಅದು ಇವೆಲ್ಲವನ್ನೂ ನುಂಗುವಷ್ಟು ದೊಡ್ಡದು.

2017ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ನಿಯತಕಾಲಿಕೆಯಲ್ಲಿ ಒಂದು ಪ್ರಬಂಧ ಬಂತು. ಬಿ.ಪಿ. ರಾಧಾಕೃಷ್ಣ ಅವರು ದಶಕಗಟ್ಟಲೆ ಬೆಳೆಸಿದ, ಬೆಂಗಳೂರಿನಿಂದಲೇ ಹೊರಡುವ ಪತ್ರಿಕೆ ಅದು. ಬರೆದವರು ಕೆ.ಆರ್. ಸುಬ್ರಹ್ಮಣ್ಯ ಮತ್ತು ಕೆ.ಎನ್. ಪ್ರಕಾಶ್ ನರಸಿಂಹ. ಮೊದಲನೆಯವರು ಮಂಗಳೂರು ವಿಶ್ವವಿದ್ಯಾಲಯದಲ್ಲಿದ್ದವರು. ಮೂಲ್ಕಿಯಿಂದ ಪುಲಿಕಾಟ್ ಸರೋವರದವರೆಗೆ, ನಮ್ಮ ಬೆಂಗಳೂರಿನ ಅಕ್ಷಾಂಶದ ಆಸುಪಾಸಿನಲ್ಲೇ, ಪರ್ಯಾಯದ್ವೀಪದ ನೆಲ ನಿಧಾನವಾಗಿ ಉಬ್ಬುತ್ತಿದೆ ಎಂದು 1990ರ ದಶಕದಲ್ಲಿ ವಾದಿಸಿದವರು. ಎರಡನೆಯವರು ಮೈಸೂರು ವಿಶ್ವವಿದ್ಯಾಲಯದವರು. ಪಾಲ್ಘಾಟ್ ಕಣಿವೆಯನ್ನು ಒಳಗೊಂಡ ಬಯಲು ಮತ್ತು ಅದನ್ನು ಬಳಸಿ ನಿಂತ ಬೆಟ್ಟಸಾಲುಗಳು ಸೇರಿ ಸುಮಾರು 120 ಕಿಲೋಮೀಟರ್ ಅಡ್ಡಳತೆಯ ಪುರಾತನ ಉಲ್ಕಾಕುಳಿಯೊಂದರ ಅವಶೇಷ ಎಂಬುದು ಅವರ ಪ್ರಸ್ತಾವ. ಅದಕ್ಕೆ ಕಾವೇರಿ ಕುಳಿ ಎಂದು ಹೆಸರಿಟ್ಟರು.

120 ಕಿಲೋಮೀಟರ್ ಎಂದರೆ ಏನು ಎಂದು ಯೋಚಿಸಿ. ಡೈನೋಸಾರ್‌ಗಳ ಕಾಲ ಮುಗಿಸಿದ ಮೆಕ್ಸಿಕೋದ ಚಿಕ್‌ಶುಲುಬ್ ಕುಳಿಯ ಅಗಲ ಸುಮಾರು 180. ಸೈಬೀರಿಯಾದ ಪೊಪಿಗೈ 100ರ ಆಸುಪಾಸು. ಕಾವೇರಿ ಕುಳಿ ದೃಢಪಟ್ಟರೆ ಭೂಮಿಯ ಅತಿ ದೊಡ್ಡ ನಾಲ್ಕೈದು ಕುಳಿಗಳ ಪಂಕ್ತಿಯಲ್ಲಿ ಕೂರುತ್ತದೆ. ಅಷ್ಟು ದೊಡ್ಡ ಮಾತನ್ನು ಆಡಲು ಧೈರ್ಯ ಬೇಕು, ನನಗೆ ಅವರ ಮೇಲೆ ಗೌರವವಿದೆ. ಆ ಗೌರವದಿಂದಲೇ ಪ್ರಶ್ನೆಗಳನ್ನೂ ಕೇಳಬೇಕು.

ಮೊದಲ ತೊಡಕು ಆ ನೆಲದ್ದೇ. ನೀಲಗಿರಿ, ಬಿಳಿಗಿರಿರಂಗನ ಬೆಟ್ಟಗಳ ಚಾರ್ನೊಕೈಟ್ ಒಂದು ಕಾಲಕ್ಕೆ ಭೂಮಿಯ ಆಳದಲ್ಲಿ ಬೆಂದು ಮೇಲೆ ಬಂದ ಬಂಡೆ. ಆ ಬಯಲಿನ ಉದ್ದಕ್ಕೂ ಪಾಲ್ಘಾಟ್–ಕಾವೇರಿ ಸೀಳುವಲಯ ಹಾದುಹೋಗಿದೆ. ನೆಲದ ಎರಡು ತುಂಡುಗಳು ಒಂದನ್ನೊಂದು ಉಜ್ಜಿಕೊಂಡು ಸರಿದ ಜಾಗ ಅದು. ಹಾಗೆ ಉಜ್ಜಿದಾಗ ಬಂಡೆ ಕರಗಿ ಕಪ್ಪು ಗಾಜಿನ ನರಗಳಂತೆ ಬಿರುಕುಗಳಲ್ಲಿ ತುಂಬಿಕೊಳ್ಳುತ್ತದೆ. ಉಲ್ಕೆ ಬಡಿದಾಗಲೂ ಅಂಥದ್ದೇ ಕಪ್ಪು ನರ ಮೂಡುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣದು. ಬೆಟ್ಟಗಳು ಬಟ್ಟಲಿನ ಅಂಚಿನಂತೆ ಬಳಸಿ ನಿಂತಿದ್ದರೂ, ಅವನ್ನು ಹಾಗೆ ನಿಲ್ಲಿಸಲು ಸೀಳು ಮತ್ತು ಸವೆತಕ್ಕೂ ಸಾಧ್ಯ. ಒಂದು ಸಾಕ್ಷಿ ಇಬ್ಬರ ಪರವಾಗಿಯೂ ನುಡಿಯುವುದಾದರೆ ತೀರ್ಪಿಗೆ ಅದು ಒದಗುವುದಿಲ್ಲ.

ಆದ್ದರಿಂದ ಎಲ್ಲವೂ ಮತ್ತೆ ಕಣಕ್ಕೇ ಬಂದು ನಿಲ್ಲುತ್ತದೆ. ಸೂಕ್ಷ್ಮದರ್ಶಕದಲ್ಲಿ ಆಘಾತದ ಲಕ್ಷಣಗಳನ್ನು ಕಂಡಿದ್ದೇವೆ ಎಂದು ಆ ಇಬ್ಬರೂ ಬರೆದಿದ್ದಾರೆ. ಲೋನಾರ್, ಢಾಲಾ, ರಾಮಗಢಗಳಿಗೆ ಆದಂತೆ ಇಲ್ಲೂ ಆಗಬೇಕು: ಅವರಿಗೆ ಸಂಬಂಧವಿಲ್ಲದ ಇನ್ನೊಂದು ಕೈ ಅದೇ ಜಾಗದಿಂದ ಕಲ್ಲು ಒಡೆದು, ಇನ್ನೊಂದು ಪ್ರಯೋಗಾಲಯದಲ್ಲಿ ತೆಳುಛೇದ ಮಾಡಿ, ಗೆರೆಗಳ ಕೋನವನ್ನು ಒಂದೊಂದಾಗಿ ಅಳೆಯಬೇಕು. ಕಪ್ಪು ನರದಲ್ಲಿ ಇರಿಡಿಯಂ, ಆಸ್ಮಿಯಂಗಳ ಲೆಕ್ಕ ನೋಡಬೇಕು. ನಿಜವೆಂದಾದರೆ ದಕ್ಷಿಣ ಭಾರತದ ಭೂಚರಿತ್ರೆಯಲ್ಲಿ ಒಂದು ಅಧ್ಯಾಯವೇ ಹೊಸದಾಗುತ್ತದೆ. ಅಲ್ಲವೆಂದಾದರೂ ಆ ಸೀಳುವಲಯದ ಬಗ್ಗೆ ನಮಗೆ ತಿಳಿದಿರುವುದು ಹೆಚ್ಚುತ್ತದೆ. ನಮ್ಮವರು ಹೇಳಿದ್ದು ಎಂಬ ಅಭಿಮಾನಕ್ಕೆ ಒಪ್ಪಿಬಿಡುವುದು, ಪರದೇಶದವರು ಇನ್ನೂ ಒಪ್ಪಿಲ್ಲ ಎಂದು ತಳ್ಳಿಬಿಡುವುದು, ಎರಡೂ ಆ ಕಲ್ಲಿಗೆ ಮಾಡುವ ಅನ್ಯಾಯ.

ಇಲ್ಲಿ ಒಂದು ಮಾತು, ಓದುಗರಲ್ಲಿ ಯಾರಿಗಾದರೂ ನಾಳೆ ಹೊಲದಲ್ಲೋ ತಾರಸಿಯಲ್ಲೋ ಅನುಮಾನದ ಕಲ್ಲು ಸಿಕ್ಕರೆ. ತೊಳೆಯಬೇಡಿ. ಅಯಸ್ಕಾಂತ ತಾಗಿಸಬೇಡಿ, ಕಲ್ಲು ಹುಟ್ಟಿದ ಕಾಲದಿಂದ ಹೊತ್ತು ತಂದ ಕಾಂತದ ನೆನಪು ಅಳಿಸಿಹೋಗುತ್ತದೆ. ಗುಂಡಿಯಿದ್ದರೆ ಕೆದಕುವ ಮುಂಚೆ, ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಫೋಟೊ ತೆಗೆಯಿರಿ, ಗಂಟೆ ಬರೆದಿಡಿ. ಶುದ್ಧವಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ. ಈ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಪರೀಕ್ಷಿಸಿ ಕಾಪಾಡುವ ಹೊಣೆ ಅವರದು. ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿ ಅವರ ಕಚೇರಿಯಿದೆ. ಮತ್ತು ಯಾರಿಗಾದರೂ ಪೆಟ್ಟಾಗಿದ್ದರೆ ಕಲ್ಲಿಗಿಂತ ಮೊದಲು ಅವರನ್ನು ನೋಡಿ, ಪೊಲೀಸರನ್ನು ಕರೆಯಿರಿ. ಆ ಗುಂಡಿ ವಿಜ್ಞಾನಕ್ಕೆ ಸೇರುವ ಮುನ್ನ ಒಂದು ಅಪಘಾತದ ಸ್ಥಳ.

ದಂಡಿನಿಂದ ರಾತ್ರಿ ಹೊರಟು ಕೊಯಮತ್ತೂರಿನ ಕಡೆಗೆ ಹೋಗುವ ಗಾಡಿಯಲ್ಲಿ ನಾನು ಕಿಟಕಿಯ ಪಕ್ಕದ ಸೀಟನ್ನೇ ಕೇಳಿ ಪಡೆಯುತ್ತೇನೆ. ಕೆ.ಆರ್. ಪುರದ ತೂಗುಸೇತುವೆಯ ದೀಪಗಳು ಹಿಂದಾಗುತ್ತವೆ. ಜೋಲಾರಪೇಟೆಯಲ್ಲಿ ನಿಂತಾಗ ಎಚ್ಚರವಾಗುತ್ತದೆ. ನಾಟ್ರಂಪಳ್ಳಿ ಇಲ್ಲೇ ಹತ್ತಿರ ಎಂದು ನೆನಪಾಗಿ ಸ್ವಲ್ಪ ಹೊತ್ತು ನಿದ್ದೆ ಬಾರದು. ಸೇಲಂ, ಈರೋಡು ದಾಟಿ ಬೆಳಕು ಹರಿಯುವಾಗ ಗಾಡಿ ಆ ವಿಶಾಲ ಬಯಲಿನಲ್ಲಿ ಓಡುತ್ತಿರುತ್ತದೆ. ಬಲಕ್ಕೆ ದೂರದಲ್ಲಿ ನೀಲಗಿರಿಯ ಸಾಲು, ಹಳಿಯ ಪಕ್ಕ ತೆಂಗಿನ ತೋಟ, ಅಲ್ಲಲ್ಲಿ ಒಡೆದ ಬಂಡೆ. ಕಾವೇರಿ ಕುಳಿಯ ಹೆಸರು ದೃಢಪಟ್ಟವುಗಳ ಪಟ್ಟಿಯಲ್ಲಿ ಇನ್ನೂ ಇಲ್ಲ. ಹಳಿಯ ಪಕ್ಕದ ಆ ಬಂಡೆಗಳಲ್ಲಿ ಬೆಣಚು ಬೆಳಗಿನ ಬಿಸಿಲಿಗೆ ಹೊಳೆಯುತ್ತದೆ.